ಹದಿನಾರು ಟನ್ನಿನ ವ್ಯಾಗನ್, ಐವತ್ತು ಗ್ರಾಂ ತೂಕದಲ್ಲಿ

ತಯಾರಕನು ತನ್ನ ಸರಕನ್ನು ಪೂರ್ಣಗೊಳಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧವಾದ ಸ್ಥಿತಿಯಲ್ಲಿ ಗಿರಾಕಿಗೆ ಒಪ್ಪಿಸಬೇಕೆಂಬುದು ವ್ಯಾಪಾರದ ಮೊದಲ ಪಾಠ. ಆದರೆ ಬಿಡಿಭಾಗಗಳನ್ನಷ್ಟೇ ಪೊಟ್ಟಣ ಕಟ್ಟಿ ಮಾರಿ, ಜೋಡಣೆಯ ದುಡಿಮೆಯನ್ನು ಸಂಪೂರ್ಣವಾಗಿ ಗಿರಾಕಿಗೇ ಬಿಟ್ಟು, ಅದಕ್ಕಾಗಿ ಅವನಿಂದ ಹಣವನ್ನೂ ಮೆಚ್ಚುಗೆಯನ್ನೂ ಪಡೆಯುವ ಉದ್ಯಮವೊಂದು ಇಂಗ್ಲೆಂಡಿನಲ್ಲಿ ಅರವತ್ತು ವರ್ಷಗಳಿಗೂ ಮಿಗಿಲಾಗಿ ನಡೆದುಬಂದಿದೆ. ಅದು ರೈಲ್ವೆ ವ್ಯಾಗನ್ನುಗಳ ಕಿರುಮಾದರಿಯ ಕಿಟ್ ಉದ್ಯಮ. ಅಂಗೈಯಗಲದ ಪೊಟ್ಟಣ, ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಮೂವತ್ತು ನಲವತ್ತು ಚೂರುಗಳು, ಎರಡು ಜೊತೆ ಚಕ್ರ, ಒಂದು ಹಾಳೆಯ ಸೂಚನೆ. ಕೊಂಡವನು ಎರಡು ಮೂರು ಸಂಜೆ ಕುಳಿತು ದುಡಿದರೆ ಮೇಜಿನ ಮೇಲಿನ ಹಳಿಯಲ್ಲಿ ಓಡುವ ಒಂದು ಸರಕು ಬಂಡಿ ಸಿದ್ಧವಾಗುತ್ತದೆ.

ಇದನ್ನು ಮಕ್ಕಳಾಟವೆಂದು ಪಕ್ಕಕ್ಕೆ ಸರಿಸುವ ಮುನ್ನ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಈ ಪೊಟ್ಟಣದ ಹಿಂದಿರುವವರು ಬಹುಮಟ್ಟಿಗೆ ಸಣ್ಣ ಉದ್ಯಮಿಗಳು. ಒಬ್ಬಿಬ್ಬರು ಪಾಲುದಾರರು, ಒಂದೆರಡು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ, ಕಪಾಟಿನ ತುಂಬ ಅಚ್ಚುಗಳು. ಅನೇಕ ಕಡೆ ಇಷ್ಟೇ ಕಾರ್ಖಾನೆ. ನಮ್ಮ ಪೀಣ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶಗಳ ಪ್ಲಾಸ್ಟಿಕ್ ಘಟಕಗಳ ಮಾಲೀಕರಿಗೆ ಈ ಚಿತ್ರ ಅಪರಿಚಿತವೇನಲ್ಲ. ಅಚ್ಚು ಯಾರದು, ಅದು ಎಲ್ಲಿದೆ, ಮಾಲೀಕನ ನಂತರ ಅದು ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಗಳ ಮೇಲೆ ಈ ಉದ್ಯಮದ ಅಳಿವು ಉಳಿವು ನಿಂತಿರುವ ಬಗೆಯನ್ನು ತಿಳಿಯಲು, ಒಂದು ಕಿಟ್ಟನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡುವುದೇ ಒಳ್ಳೆಯ ದಾರಿ.

ಮೂಲ ವ್ಯಾಗನ್

ಉದಾಹರಣೆಗೆ ಬ್ರಿಟಿಷ್ ರೈಲ್ವೆಯ 16 ಟನ್ನಿನ ಉಕ್ಕಿನ ಕಲ್ಲಿದ್ದಲು ವ್ಯಾಗನ್ನನ್ನು ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಕಲ್ಲಿದ್ದಲು ಸಾಗುತ್ತಿದ್ದುದು ಹೆಚ್ಚಾಗಿ ಗಣಿ ಕಂಪನಿಗಳು ಮತ್ತು ಕಲ್ಲಿದ್ದಲು ವ್ಯಾಪಾರಿಗಳು ಸ್ವಂತಕ್ಕೆ ಇಟ್ಟುಕೊಂಡಿದ್ದ ಮರದ ಹಲಗೆಯ ಬಂಡಿಗಳಲ್ಲಿ. ವ್ಯಾಪಾರಿಯ ಹೆಸರು ಬಂಡಿಯ ಪಕ್ಕೆಯ ಉದ್ದಕ್ಕೂ ದೊಡ್ಡ ಅಕ್ಷರಗಳಲ್ಲಿ ಇರುತ್ತಿತ್ತು. ಜಾಹೀರಾತು ಫಲಕವೇ ಊರೂರು ಸುತ್ತಿದಂತೆ. 1939ರಲ್ಲಿ ಯುದ್ಧ ಆರಂಭವಾದಾಗ ಸರ್ಕಾರ ಇಂಥ ಐದು ಲಕ್ಷಕ್ಕೂ ಹೆಚ್ಚು ಖಾಸಗಿ ವ್ಯಾಗನ್ನುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1948ರ ರಾಷ್ಟ್ರೀಕರಣದಲ್ಲಿ ಅವು ಬ್ರಿಟಿಷ್ ರೈಲ್ವೆಯ ಪಾಲಾದವು. ಆ ಹೊತ್ತಿಗೆ ಮರ ಕೊಳೆತು, ಬಂಡಿಗಳು ಹಣ್ಣಾಗಿದ್ದವು. ಅವುಗಳ ಜಾಗವನ್ನು ತುಂಬಲು, ಯುದ್ಧಕಾಲದಲ್ಲೇ ರೂಪುಗೊಂಡಿದ್ದ ಉಕ್ಕಿನ ವಿನ್ಯಾಸವನ್ನು ಆಧರಿಸಿ ಎರಡು ಲಕ್ಷಕ್ಕೂ ಹೆಚ್ಚು 16 ಟನ್ ವ್ಯಾಗನ್ನುಗಳನ್ನು ಕಟ್ಟಲಾಯಿತು.

ಅದರ ರಚನೆ ಸರಳ. ನಾಲ್ಕು ಚಕ್ರ, ಎರಡು ಆಕ್ಸಲ್. ಆಕ್ಸಲ್‌ಗಳ ನಡುವೆ 9 ಅಡಿ ಅಂತರ. ಚೌಕಟ್ಟಿನ ಉದ್ದ 16 ಅಡಿ 6 ಅಂಗುಲ. ಮೇಲೆ ತೆರೆದ ಪೆಟ್ಟಿಗೆ. ಪಕ್ಕೆಗಳಲ್ಲಿ ಬಾಗಿಲು, ಒಂದು ತುದಿಯಲ್ಲಿ ಮೇಲಿನಿಂದ ತೂಗುವ ಇನ್ನೊಂದು ಬಾಗಿಲು. ಬಂದರಿನಲ್ಲಿ ವ್ಯಾಗನ್ನನ್ನು ಹಾಗೆಯೇ ಎತ್ತಿ ಓರೆ ಮಾಡಿದರೆ ಕಲ್ಲಿದ್ದಲು ಆ ತುದಿಬಾಗಿಲಿನಿಂದ ಹಡಗಿನೊಳಕ್ಕೆ ಸುರಿಯುತ್ತಿತ್ತು. ತುದಿಬಾಗಿಲು ಯಾವ ಕಡೆ ಇದೆಯೆಂದು ದೂರದಿಂದಲೇ ಗೊತ್ತಾಗಲೆಂದು ಪಕ್ಕೆಯ ಮೇಲೆ ಬಿಳಿಯ ಓರೆ ಪಟ್ಟಿಯೊಂದನ್ನು ಬಳಿಯುತ್ತಿದ್ದರು. ನಿರ್ವಾತ ಬ್ರೇಕ್ ಇಲ್ಲದ ವ್ಯಾಗನ್ನುಗಳಿಗೆ ಬೂದು ಬಣ್ಣ, ಇದ್ದವುಗಳಿಗೆ ಕೆಂಪು ಮಿಶ್ರಿತ ಕಂದು. ಇಂಥ ವಿವರಗಳು ಮಾದರಿ ಕಟ್ಟುವವನಿಗೆ ಬಹು ಮುಖ್ಯ. ಓರೆ ಪಟ್ಟಿಯನ್ನು ತಿರುವುಮುರುವಾಗಿ ಹಾಕಿದ ಮಾದರಿಯನ್ನು ಪ್ರದರ್ಶನದಲ್ಲಿಟ್ಟರೆ, ನಿವೃತ್ತ ರೈಲ್ವೆ ನೌಕರನೊಬ್ಬ ಬಂದು ತೋರಿಸಿಕೊಡದೆ ಹೋಗುವುದಿಲ್ಲ.

ಅಳತೆಯ ಲೆಕ್ಕ

ಬ್ರಿಟನ್ನಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 'ಓಓ' ಎಂಬ ಪ್ರಮಾಣ. ಮೂಲದ 1 ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್, ಅಂದರೆ 1:76.2. ನಮ್ಮ ವ್ಯಾಗನ್ನಿನ 16 ಅಡಿ 6 ಅಂಗುಲ ಉದ್ದ 66 ಮಿ.ಮೀ. ಆಗುತ್ತದೆ, ಆಕ್ಸಲ್‌ಗಳ ಅಂತರ 36 ಮಿ.ಮೀ. ಲೆಕ್ಕ ಇಲ್ಲಿಯವರೆಗೆ ನೇರವಾಗಿದೆ. ಸೊಟ್ಟಗಾಗುವುದು ಹಳಿಯ ವಿಷಯದಲ್ಲಿ. ನಿಜವಾದ ಹಳಿಯ ಅಗಲ 4 ಅಡಿ 8½ ಅಂಗುಲ, ಅದು 18.83 ಮಿ.ಮೀ. ಆಗಬೇಕು. ಆದರೆ ಓಓ ಹಳಿಯ ಅಗಲ 16.5 ಮಿ.ಮೀ. ಮಾತ್ರ.

ಇದಕ್ಕೆ ಕಾರಣ ತೀರ ವ್ಯಾವಹಾರಿಕವಾದದ್ದು. ಯೂರೋಪಿನ 'ಎಚ್‌ಓ' ಪ್ರಮಾಣ 1:87. ಆ ಲೆಕ್ಕಕ್ಕೆ 16.5 ಮಿ.ಮೀ. ಹಳಿ ಸರಿಯಾಗಿದೆ. ಆದರೆ ಬ್ರಿಟನ್ನಿನ ಎಂಜಿನ್ನುಗಳು ಯೂರೋಪಿನವಕ್ಕಿಂತ ಗಾತ್ರದಲ್ಲಿ ಕಿರಿದು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ದೊರೆಯುತ್ತಿದ್ದ ವಿದ್ಯುತ್ ಮೋಟಾರುಗಳು 1:87ರ ಬ್ರಿಟಿಷ್ ಎಂಜಿನ್ನಿನ ಒಳಗೆ ಹಿಡಿಯಲಿಲ್ಲ. ಹಳಿಯನ್ನು ಇದ್ದಂತೆಯೇ ಇಟ್ಟುಕೊಂಡು ಮೇಲಿನ ದೇಹವನ್ನಷ್ಟೇ ಹಿಗ್ಗಿಸಿ ತಯಾರಕರು ಕೆಲಸ ಸಾಗಿಸಿದರು. ಮೋಟಾರುಗಳು ಚಿಕ್ಕದಾಗಿ ದಶಕಗಳೇ ಕಳೆದವು. ಹಳಿಯ ಅಗಲ ಮಾತ್ರ ಬದಲಾಗಲಿಲ್ಲ. ಅಷ್ಟರಲ್ಲಿ ಕೊಂಡವರ ಮನೆಗಳಲ್ಲಿ ಆ ಹಳಿ ಲಕ್ಷಾಂತರ ಮೀಟರ್ ಉದ್ದ ಹಾಸಿಹೋಗಿತ್ತು. ಈ ಅಸಮಂಜಸವನ್ನು ಸಹಿಸಲಾರದವರು 18.2 ಮಿ.ಮೀ.ಯ 'ಇಎಂ' ಮತ್ತು 18.83 ಮಿ.ಮೀ.ಯ 'ಪಿ4' ಎಂಬ ಗೇಜುಗಳನ್ನು ರೂಪಿಸಿಕೊಂಡು, ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಅವರ ಸಂಖ್ಯೆ ಕಡಿಮೆ. ಆದರೆ ಕಿಟ್ಟುಗಳನ್ನು ಕೊಳ್ಳುವವರಲ್ಲಿ ಅವರ ಪಾಲು ದೊಡ್ಡದು. ಸಿದ್ಧ ಮಾದರಿ ಕೊಂಡರೂ ಅದರ ಚಕ್ರ ಕಿತ್ತು ಬೇರೆ ಹಾಕಬೇಕಾದವನು, ಮೊದಲಿನಿಂದ ತಾನೇ ಕಟ್ಟುವುದು ಮೇಲೆಂದು ಭಾವಿಸುವುದು ಸಹಜ.

ತೂಕದ ಲೆಕ್ಕವೂ ಸ್ವಾರಸ್ಯಕರ. ಉದ್ದ 76.2 ಪಟ್ಟು ಕಿರಿದಾದರೆ ಘನಗಾತ್ರ ಸುಮಾರು 4,42,000 ಪಟ್ಟು ಕಿರಿದಾಗುತ್ತದೆ. ಖಾಲಿ ವ್ಯಾಗನ್ನಿನ ತೂಕ 7ರಿಂದ 8 ಟನ್ ಎಂದಿಟ್ಟುಕೊಂಡು, 16 ಟನ್ ಕಲ್ಲಿದ್ದಲು ಸೇರಿಸಿ ಭಾಗಿಸಿದರೆ ಬರುವುದು 55 ಗ್ರಾಮಿನ ಆಸುಪಾಸು. ಹವ್ಯಾಸಿಗಳು ಯಾವ ಸಿದ್ಧಾಂತವನ್ನೂ ಓದದೆ, ಹಳಿ ತಪ್ಪದೆ ಓಡಲು ಪ್ರತಿ ಆಕ್ಸಲ್ಲಿಗೆ 25 ಗ್ರಾಂ ಬೇಕೆಂದು ಅನುಭವದಿಂದ ಕಂಡುಕೊಂಡಿದ್ದಾರೆ. ಎರಡು ಆಕ್ಸಲ್ಲಿಗೆ 50 ಗ್ರಾಂ. ಎರಡು ಲೆಕ್ಕಗಳೂ ಇಷ್ಟು ಹತ್ತಿರ ಬರುವುದು ಆಕಸ್ಮಿಕವಿರಬಹುದು. ಆದರೂ ನೆನಪಿಟ್ಟುಕೊಳ್ಳಲು ಅನುಕೂಲ.

ಜೋಡಣೆಯ ಕೆಲಸ

ಪೊಟ್ಟಣ ಒಡೆದೊಡನೆ ಚೂರುಗಳನ್ನು ರನ್ನರಿನಿಂದ ಮುರಿದು ತೆಗೆಯುವುದು ಅವಸರದವರ ಕ್ರಮ. ಹಾಗೆ ಮುರಿದಾಗ ಸಂಧಿಯಲ್ಲಿ ಚಿಕ್ಕ ಹಳ್ಳ ಬೀಳುತ್ತದೆ, ಇಲ್ಲವೇ ಗಂಟು ಉಳಿಯುತ್ತದೆ. ಹರಿತವಾದ ಅಲಗಿನಿಂದ ಸ್ವಲ್ಪ ದೂರದಲ್ಲೇ ಕತ್ತರಿಸಿ, ಉಳಿದ ಗಂಟನ್ನು ಸಣ್ಣ ಅರದಿಂದ ತೀಡಿ ಮಟ್ಟ ಮಾಡಬೇಕು. ಅಂಚುಗಳಲ್ಲಿ ಕಾಗದದಂಥ ತೆಳು ಪೊರೆ ಕಂಡರೆ ಅಚ್ಚಿನ ಎರಡು ಹೋಳುಗಳು ಸವೆದು ಬಿಗಿಯಾಗಿ ಕೂಡುತ್ತಿಲ್ಲ ಎಂದರ್ಥ. ಪಕ್ಕೆಯ ಒಳಮೈಯಲ್ಲಿ ದುಂಡನೆಯ ಗುರುತುಗಳಿದ್ದರೆ ಅವು ಅಚ್ಚಿನಿಂದ ಚೂರನ್ನು ಹೊರದೂಡುವ ಎಜೆಕ್ಟರ್ ಪಿನ್ನಿನ ಕುರುಹು. ತೆರೆದ ವ್ಯಾಗನ್ನಿನ ಒಳಮೈ ಎಲ್ಲರಿಗೂ ಕಾಣುವುದರಿಂದ ಅವನ್ನು ತುಂಬಿ, ಎಮರಿ ಕಾಗದದಿಂದ ಉಜ್ಜಲೇಬೇಕು. ಮೋಲ್ಡಿಂಗ್ ಕೆಲಸ ಬಲ್ಲ ನಮ್ಮ ಓದುಗರಿಗೆ, ಒಂದು ಕಿಟ್ಟನ್ನು ಕೈಯಲ್ಲಿ ಹಿಡಿದರೆ ಸಾಕು, ಆ ಅಚ್ಚಿನ ವಯಸ್ಸೂ ಅದನ್ನು ನೋಡಿಕೊಂಡವರ ಶಿಸ್ತೂ ತಿಳಿದುಹೋಗುತ್ತದೆ.

ಅಂಟಿಸಲು ಬಳಸುವುದು ಸಾಮಾನ್ಯ ಅಂಟಲ್ಲ, ದ್ರಾವಕ. ಚೂರುಗಳು ಪಾಲಿಸ್ಟೈರೀನಿನವು, ಬ್ಯೂಟನೋನ್‌ನಂಥ ದ್ರಾವಕ ಅದನ್ನು ಕರಗಿಸುತ್ತದೆ. ಎರಡು ಚೂರುಗಳನ್ನು ಒಣಗಿದಂತೆಯೇ ಜೋಡಿಸಿ ಹಿಡಿದು, ಕುಂಚದ ತುದಿಯಲ್ಲಿ ಒಂದು ಹನಿಯನ್ನು ಸಂಧಿಗೆ ತಾಗಿಸಿದರೆ ಅದು ತಾನೇ ಉದ್ದಕ್ಕೂ ಹರಿದು ಒಳಗೆ ಸೇರಿಕೊಳ್ಳುತ್ತದೆ. ಎರಡೂ ಮೈಗಳು ಕರಗಿ, ಬೆರೆತು, ದ್ರಾವಕ ಆರಿದ ಮೇಲೆ ಒಂದೇ ಚೂರಾಗುತ್ತವೆ. ಲೋಹದ ಬೆಸುಗೆಗೆ ಇದು ಪ್ಲಾಸ್ಟಿಕ್ಕಿನ ಸಮಾನ. ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕುಳಿತು ಮಾಡಬೇಕಾದ ಕೆಲಸ. ಈ ದ್ರಾವಕದ ಆವಿ ಬೇಗ ಹೊತ್ತಿಕೊಳ್ಳುತ್ತದೆ.

ಮೊದಲು ಒಂದು ಪಕ್ಕೆ ಮತ್ತು ಒಂದು ತುದಿಯನ್ನು ಮೂಲೆಮಟ್ಟಕ್ಕೆ ಒತ್ತಿ ಹಿಡಿದು ಕೂಡಿಸಬೇಕು. ಅನಂತರ ಇನ್ನೊಂದು ಜೊತೆ. ಬಳಿಕ ಎರಡನ್ನೂ ಸೇರಿಸಿ, ತಳದ ಹಲಗೆ ಕೂರಿಸಬೇಕು. ಇಲ್ಲಿ ಅರ್ಧ ಮಿಲಿಮೀಟರ್ ಓರೆಯಾದರೂ ಮುಂದಿನ ಹಂತದಲ್ಲಿ ಅದು ಚಕ್ರಗಳಿಗೆ ಇಳಿಯುತ್ತದೆ.

ಇಡೀ ಕೆಲಸದ ತಿರುಳು ಇರುವುದು ಚೌಕಟ್ಟಿನಲ್ಲಿ. ಚಕ್ರದ ಆಕ್ಸಲ್ಲಿನ ಎರಡು ತುದಿಗಳೂ ಸೂಜಿಯಂತೆ ಮೊನಚಾಗಿರುತ್ತವೆ. ತುದಿಯಿಂದ ತುದಿಗೆ 26 ಮಿ.ಮೀ. ಈ ಮೊನೆಗಳು ಎರಡು ಪಕ್ಕದ ಆಕ್ಸಲ್ ಗಾರ್ಡುಗಳಲ್ಲಿ ಕೂರಿಸಿದ, ಟೊಪ್ಪಿಗೆಯಾಕಾರದ ಪುಟ್ಟ ಹಿತ್ತಾಳೆ ಬೇರಿಂಗುಗಳ ಕುಳಿಯಲ್ಲಿ ತಿರುಗುತ್ತವೆ. ಮೊನೆಯಷ್ಟೇ ತಾಗುವುದರಿಂದ ಘರ್ಷಣೆ ಅತ್ಯಲ್ಪ. ಊದಿದರೆ ವ್ಯಾಗನ್ ಸರಿಯುತ್ತದೆ. ಎರಡು ಪಕ್ಕಗಳು ತುಸು ಹತ್ತಿರವಾದರೆ ಆಕ್ಸಲ್ ಬಿಗಿಯುತ್ತದೆ, ದೂರವಾದರೆ ಕಳಚಿ ಬೀಳುತ್ತದೆ. ಬಲ್ಲವರು ಒಂದು ಪಕ್ಕವನ್ನು ಪೂರ್ತಿ ಅಂಟಿಸಿ ಆರಲು ಬಿಟ್ಟು, ಎರಡನೆಯದನ್ನು ಸ್ವಲ್ಪವೇ ದ್ರಾವಕ ಹಾಕಿ ನಿಲ್ಲಿಸಿ, ಚಕ್ರಗಳನ್ನು ಕೂರಿಸಿ, ಇಡೀ ವ್ಯಾಗನ್ನನ್ನು ದಪ್ಪ ಗಾಜಿನ ತುಂಡಿನ ಮೇಲಿಟ್ಟು ಬೆರಳಿನಿಂದ ಮೂಲೆಗಳನ್ನು ಒತ್ತಿ ನೋಡುತ್ತಾರೆ. ನಾಲ್ಕು ಚಕ್ರಗಳೂ ಗಾಜಿಗೆ ತಾಗಬೇಕು. ಒಂದು ಚಕ್ರ ಎದ್ದು ನಿಂತರೆ ಪ್ಲಾಸ್ಟಿಕ್ ಇನ್ನೂ ಮೆದುವಿರುವಾಗಲೇ ತಿರುಚಿ ಸರಿಪಡಿಸಬೇಕು. ಮೂರು ಕಾಲಿನ ಮೇಲೆ ನಿಂತ ವ್ಯಾಗನ್ ಮೊದಲ ತಿರುವಿನಲ್ಲೇ ಹಳಿ ಬಿಡುತ್ತದೆ. ತಾನೊಂದೇ ಬೀಳುವುದಿಲ್ಲ, ಹಿಂದಿನ ಹತ್ತನ್ನು ಎಳೆದುಕೊಂಡು ಬೀಳುತ್ತದೆ. ಚಕ್ರಗಳ ಒಳಮೈಗಳ ನಡುವಿನ ಅಂತರವನ್ನೂ ಅಳೆಯಬೇಕು. ಓಓ ಗೇಜಿನಲ್ಲಿ ಅದು ಸುಮಾರು 14.5 ಮಿ.ಮೀ. ಇರಬೇಕು.

ಆಮೇಲೆ ಬಫರ್, ಬ್ರೇಕ್ ಶೂ, ಪಕ್ಕದ ಉದ್ದನೆಯ ಕೈಬ್ರೇಕಿನ ಸನ್ನೆ, ಕೊಂಡಿ. ಬ್ರೇಕ್ ಶೂ ಚಕ್ರದ ಮೈಗೆ ನೇರವಾಗಿರಬೇಕು, ಆದರೆ ತಾಗಬಾರದು. ಕೂದಲೆಳೆಯ ಅಂತರ ಸಾಕು.

ಪ್ಲಾಸ್ಟಿಕ್ ವ್ಯಾಗನ್ನಿನ ಸ್ವಂತ ತೂಕ ಬೇಕಾದ 50 ಗ್ರಾಮಿನ ಅರ್ಧವೂ ಇರುವುದಿಲ್ಲ. ಆದ್ದರಿಂದ ತಳದಲ್ಲಿ ಸೀಸ ಅಥವಾ ಉಕ್ಕಿನ ತುಂಡು ಸೇರಿಸಬೇಕು. ಈ ಹಂತದಲ್ಲಿ ಎರಡು ಅಪಾಯಗಳಿವೆ. ಸೀಸದ ಗುಂಡುಗಳನ್ನು ಮರಕ್ಕೆ ಬಳಸುವ ಬಿಳಿ ಅಂಟಿನಿಂದ ತುಂಬಿದರೆ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಸೀಸ ಬಿಳಿಯ ಪುಡಿಯಾಗಿ ಉಬ್ಬಿ ವ್ಯಾಗನ್ನನ್ನೇ ಸೀಳಿಬಿಡುತ್ತದೆ. ಹಾಗೆ ಬಿರಿದ ಮಾದರಿಗಳು ಹವ್ಯಾಸಿಗಳ ಸಂಗ್ರಹಗಳಲ್ಲಿ ಬೇಕಾದಷ್ಟಿವೆ. ಮುಚ್ಚಿದ ವ್ಯಾಗನ್ನುಗಳಲ್ಲಿ ದ್ರಾವಕದ ಆವಿ ಒಳಗೇ ಸಿಕ್ಕಿಕೊಂಡು ಪಕ್ಕೆಗಳು ಒಳಬಾಗುವುದು ಇನ್ನೊಂದು ತೊಂದರೆ. ತಳದಲ್ಲಿ ಎರಡು ತೂತು ಕೊರೆದರೆ ಆವಿಗೆ ದಾರಿಯಾಗುತ್ತದೆ. ತಯಾರಕರ ಸೂಚನೆಯ ಹಾಳೆಯಲ್ಲಿ ಇವು ಯಾವಾಗಲೂ ಇರುವುದಿಲ್ಲ. ಕೊಂಡವರು ಒಬ್ಬರಿಂದೊಬ್ಬರು ಕಲಿಯುತ್ತಾರೆ, ಕ್ಲಬ್ಬಿನ ಸಂಜೆಗಳಲ್ಲಿ ಹಂಚಿಕೊಳ್ಳುತ್ತಾರೆ. ಮಾರಾಟಾನಂತರದ ಸೇವೆಯನ್ನು ಗಿರಾಕಿಗಳೇ ಪರಸ್ಪರ ನಡೆಸಿಕೊಡುವ ಇನ್ನೊಂದು ಸರಕು ಸುಲಭವಾಗಿ ನೆನಪಿಗೆ ಬರುವುದಿಲ್ಲ.

ಬಣ್ಣದ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು: ತೊಳೆದು ಜಿಡ್ಡು ತೆಗೆದು, ಪ್ರೈಮರ್ ಹೊಡೆದು, ಹೊಳಪಿಲ್ಲದ ಬೂದು ಬಣ್ಣ. ಅಕ್ಷರ ಮತ್ತು ಸಂಖ್ಯೆಗಳನ್ನು ನೀರಿನಲ್ಲಿ ನೆನೆಸಿ ಜಾರಿಸುವ ಟ್ರಾನ್ಸ್‌ಫರ್‌ಗಳ ಮೂಲಕ ಹಾಕುತ್ತಾರೆ. ಅವುಗಳ ಅಂಚು ಕಾಣದಿರಲು ಕೆಳಗೆ ಹೊಳಪಿನ ವಾರ್ನಿಷ್, ಮೇಲೆ ಹೊಳಪಿಲ್ಲದ್ದು. ಬ್ರಿಟಿಷ್ ರೈಲ್ವೆ ಕಟ್ಟಿಸಿದ ವ್ಯಾಗನ್ನುಗಳ ಸಂಖ್ಯೆಯ ಮುಂದೆ 'ಬಿ', ಖಾಸಗಿಯವರಿಂದ ಬಂದವಕ್ಕೆ 'ಪಿ'. ಕೊನೆಗೆ ತುಕ್ಕು. ಮೂಲ ವ್ಯಾಗನ್ನಿನ ಒಳಮೈಯಲ್ಲಿ ಕಲ್ಲಿದ್ದಲು ಉಜ್ಜಿ ಬಣ್ಣ ನಿಲ್ಲುತ್ತಲೇ ಇರಲಿಲ್ಲ. ಹೊರಮೈಯಲ್ಲಿ ಬೆಸುಗೆಯ ಗೆರೆಗಳ ಉದ್ದಕ್ಕೂ ತುಕ್ಕು ಹರಡುತ್ತಿತ್ತು. ಹೊಸದಾಗಿ ಹೊಳೆಯುವ 16 ಟನ್ ವ್ಯಾಗನ್ ಆಟಿಕೆಯಂತೆ ಕಾಣುತ್ತದೆ. ತುಕ್ಕು ಹಿಡಿದದ್ದು ಮಾತ್ರ ವ್ಯಾಗನ್ನಿನಂತೆ ಕಾಣುತ್ತದೆ.

ಒಂದು ಪೊಟ್ಟಣ, ಹಲವು ಉದ್ಯಮಿಗಳು

ಈಗ ವ್ಯಾಪಾರದ ಮಾತಿಗೆ ಬರೋಣ. ಪಾರ್ಕ್‌ಸೈಡ್ ಕಿಟ್ಟುಗಳಲ್ಲಿ ಚಕ್ರ, ಬೇರಿಂಗುಗಳು ಸೇರಿಯೇ ಬರುತ್ತಿದ್ದವು. ಕೇಂಬ್ರಿಯನ್ ಸಂಸ್ಥೆಯ ಕಿಟ್ಟುಗಳಿಗೆ ಚಕ್ರವನ್ನು ಬೇರೆ ಕೊಳ್ಳಬೇಕಿತ್ತು. ಚಕ್ರವನ್ನೇ ಮಾಡುವ ಸಣ್ಣ ಸಂಸ್ಥೆಗಳಿವೆ, ಕೊಂಡಿಯನ್ನೇ ಮಾಡುವವರಿದ್ದಾರೆ, ಟ್ರಾನ್ಸ್‌ಫರ್ ಹಾಳೆಗಳನ್ನಷ್ಟೇ ಅಚ್ಚು ಹಾಕಿಸುವವರಿದ್ದಾರೆ. 1950ರಲ್ಲಿ ಸ್ಥಾಪನೆಯಾದ ಐತಿಹಾಸಿಕ ಮಾದರಿ ರೈಲ್ವೆ ಸೊಸೈಟಿಯಂಥ ಹವ್ಯಾಸಿಗಳ ಸಂಘವೂ ಟ್ರಾನ್ಸ್‌ಫರ್‌ಗಳನ್ನು ಮಾರುತ್ತದೆ. ಇಂಥ ಐದಾರು ಕಡೆಯಿಂದ ಬಂದ ಸಾಮಗ್ರಿಯನ್ನು ಒಂದೇ ಮಾಲಾಗಿ ಮಾಡುವವನು ಗಿರಾಕಿ. ಇಷ್ಟು ಜನ ಪರಸ್ಪರ ಒಪ್ಪಂದವಿಲ್ಲದೆ ಕೆಲಸ ಮಾಡಿಯೂ ಒಬ್ಬರ ಚಕ್ರ ಇನ್ನೊಬ್ಬರ ಚೌಕಟ್ಟಿಗೆ ಹೊಂದುವುದು 26 ಮಿ.ಮೀ. ಆಕ್ಸಲ್ಲಿನಂಥ, ಎಲ್ಲರೂ ಪಾಲಿಸುವ ಕೆಲವು ಅಳತೆಗಳಿಂದಾಗಿ.

ಕಿಟ್ಟಿನ ಅಚ್ಚು ಸಿದ್ಧ ಮಾದರಿಯ ಅಚ್ಚಿಗಿಂತ ಅಗ್ಗವಾಗುವ ಕಾರಣವನ್ನೂ ಇಲ್ಲಿ ಹೇಳಬೇಕು. ವ್ಯಾಗನ್ನಿನ ಪೆಟ್ಟಿಗೆಯನ್ನು ಒಂದೇ ಚೂರಾಗಿ ತೆಗೆಯಬೇಕಾದರೆ ನಾಲ್ಕೂ ಹೊರಮೈಗಳ ಮೇಲೆ ಬಾಗಿಲು, ತಿರುಗಣೆ, ಪಟ್ಟಿಗಳ ಉಬ್ಬು ಮೂಡಬೇಕು. ಅದಕ್ಕೆ ನಾಲ್ಕು ಕಡೆಯಿಂದ ಸರಿಯುವ ಸ್ಲೈಡರುಗಳುಳ್ಳ ಅಚ್ಚು ಬೇಕು. ಅದೇ ಪೆಟ್ಟಿಗೆಯನ್ನು ನಾಲ್ಕು ಚಪ್ಪಟೆ ಗೋಡೆಗಳಾಗಿ ಬಿಡಿಸಿದರೆ ಎರಡು ಹೋಳಿನ ಸರಳ ಅಚ್ಚು ಸಾಕು. ಜೋಡಣೆಯ ಕೂಲಿ ಇಲ್ಲ, ಬಣ್ಣದ ವೆಚ್ಚವಿಲ್ಲ, ಮುದ್ರಣವಿಲ್ಲ. ಪೊಟ್ಟಣ ಚಪ್ಪಟೆಯಾದ್ದರಿಂದ ಸಾಗಣೆ ವೆಚ್ಚವೂ ಕಡಿಮೆ. ಸಾವಿರಗಳ ಲೆಕ್ಕದಲ್ಲಷ್ಟೇ ಮಾರಾಟವಾಗುವ ಸರಕಿಗೆ ಇದು ನಿರ್ಣಾಯಕ. ಬ್ಯಾಕ್‌ಮನ್‌ನಂಥ ದೊಡ್ಡ ಸಂಸ್ಥೆ ಇದೇ 16 ಟನ್ ವ್ಯಾಗನ್ನನ್ನು ಸಿದ್ಧ ಮಾದರಿಯಾಗಿ, ಚೊಕ್ಕಟವಾಗಿ ಬಣ್ಣ ಹಾಕಿ ಮಾರುಕಟ್ಟೆಗೆ ತಂದ ಮೇಲೆ ಸಾಮಾನ್ಯ ಗಿರಾಕಿ ಅತ್ತ ತಿರುಗಿದ್ದು ನಿಜ. ಕಿಟ್ ತಯಾರಕರಿಗೆ ಉಳಿದದ್ದು ದೊಡ್ಡವರಿಗೆ ಲಾಭವಾಗದ ಅಪರೂಪದ ವ್ಯಾಗನ್ನುಗಳು, ಮತ್ತು ಕಟ್ಟುವ ಕೆಲಸವನ್ನೇ ಬಯಸಿ ಬರುವ ಗಿರಾಕಿ. ನನ್ನ ಅಭಿಪ್ರಾಯದಲ್ಲಿ ಆ ಎರಡನೆಯ ವರ್ಗವೇ ಇವರ ನಿಜವಾದ ಆಸ್ತಿ.

ಅಚ್ಚುಗಳ ವಂಶಾವಳಿ

ಸಂಸ್ಥೆ ಮುಚ್ಚಬಹುದು, ಮಾಲೀಕ ನಿವೃತ್ತನಾಗಬಹುದು. ಉಕ್ಕಿನ ಅಚ್ಚಿಗೆ ನಿವೃತ್ತಿಯಿಲ್ಲ. ಗೊಂಬೆ ತಯಾರಿಸುತ್ತಿದ್ದ ರೋಸ್‌ಬಡ್ ಎಂಬ ಸಂಸ್ಥೆ 1959ರಲ್ಲಿ 'ಕಿಟ್‌ಮಾಸ್ಟರ್' ಹೆಸರಿನಲ್ಲಿ ಎಂಜಿನ್, ಬೋಗಿಗಳ ಕಿಟ್ಟುಗಳನ್ನು ಹೊರತಂದಿತು. ಮೂರು ನಾಲ್ಕು ವರ್ಷಗಳಲ್ಲಿಯೇ ಅದು ಕೈಚೆಲ್ಲಿದಾಗ ಅಚ್ಚುಗಳನ್ನು ಏರ್‌ಫಿಕ್ಸ್ ಕೊಂಡಿತು. ಏರ್‌ಫಿಕ್ಸ್ ತಾನೇ 16 ಟನ್ ವ್ಯಾಗನ್ನೂ ಸೇರಿದಂತೆ ಹಲವು ವ್ಯಾಗನ್ನುಗಳ ಕಿಟ್ಟುಗಳನ್ನು ಅಗ್ಗದ ಬೆಲೆಗೆ ಮಾರುತ್ತಿತ್ತು. 1980ರ ದಶಕದಲ್ಲಿ ಈ ರೈಲ್ವೆ ಅಚ್ಚುಗಳು ಡಪೋಲ್ ಸಂಸ್ಥೆಗೆ ಬಂದವು. ಹೀಗೆ 1960ರ ಸುಮಾರಿನಲ್ಲಿ ಕೊರೆದ ಉಕ್ಕು, ಕೊರೆದವನ ಮೊಮ್ಮಕ್ಕಳ ಕಾಲದವರೆಗೂ ವ್ಯಾಗನ್ನುಗಳನ್ನು ಹೆರುತ್ತಾ ಬಂದಿದೆ. ಡೆವನ್ ಪ್ರಾಂತದ ಬಿಯರ್ ಎಂಬ ಊರಿನಲ್ಲಿರುವ ಪೆಕೋ, 1946ರಲ್ಲಿ ಆರಂಭವಾದ, ಹಳಿ ತಯಾರಿಕೆಗೆ ಹೆಸರಾದ ಸಂಸ್ಥೆ. ಅದು ರೇಶಿಯೋ, ವಿಲ್ಸ್ ಎಂಬ ಕಿಟ್ ಶ್ರೇಣಿಗಳನ್ನು ತನ್ನದಾಗಿಸಿಕೊಂಡಿತು. 2010ರ ದಶಕದ ಉತ್ತರಾರ್ಧದಲ್ಲಿ ಪಾರ್ಕ್‌ಸೈಡ್ ವ್ಯಾಗನ್ ಕಿಟ್ಟುಗಳನ್ನೂ ವಹಿಸಿಕೊಂಡಿತು. ಹಳಿ ಮಾರುವವನಿಗೆ ಅದರ ಮೇಲೆ ಓಡುವ ವ್ಯಾಗನ್ನುಗಳು ಮಾರುಕಟ್ಟೆಯಲ್ಲಿ ಉಳಿಯುವುದು ಹಿತವೇ. ಖರೀದಿದಾರನೇ ದೊರೆಯದೆ, ಅಚ್ಚುಗಳು ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ಸಂಸ್ಥೆಗಳೂ ಇವೆ.

ಅಚ್ಚು ತನ್ನ ಛಾವಣಿಯ ಕೆಳಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳು ಸಾಕು. ಹಂಬ್ರಾಲ್ ಸಂಸ್ಥೆಯ ಒಡೆತನದಲ್ಲಿದ್ದ ಏರ್‌ಫಿಕ್ಸ್ ಕಿಟ್ಟುಗಳು ಫ್ರಾನ್ಸಿನ ಹೆಲ್ಲರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಹೆಲ್ಲರ್ ಸಂಕಷ್ಟಕ್ಕೆ ಸಿಲುಕಿದಾಗ ಸರಬರಾಜು ನಿಂತಿತು. ಬಹುಪಾಲು ಅಚ್ಚುಗಳೂ ಅಲ್ಲೇ ಇದ್ದವು. 2006ರ ಆಗಸ್ಟ್‌ನಲ್ಲಿ ಹಂಬ್ರಾಲ್ ದಿವಾಳಿಯ ಆಡಳಿತಕ್ಕೆ ಒಳಪಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಹಾರ್ನ್‌ಬಿ ಸಂಸ್ಥೆ ಏರ್‌ಫಿಕ್ಸ್ ಮತ್ತು ಹಂಬ್ರಾಲ್ ಹೆಸರುಗಳನ್ನು 26 ಲಕ್ಷ ಪೌಂಡಿಗೆ ಕೊಂಡಿತು.

ಎರಡನೆಯ ಪ್ರಸಂಗ ಆ ಹಾರ್ನ್‌ಬಿಯದೇ. 1990ರ ದಶಕದ ಕೊನೆಯಲ್ಲಿ ಅದು ಮಾರ್ಗೇಟ್‌ನ ತನ್ನ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿ, ಸಂದಾ ಕಾನ್ ಎಂಬ ಗುತ್ತಿಗೆ ಕಾರ್ಖಾನೆಯನ್ನು ಹೆಚ್ಚಾಗಿ ಅವಲಂಬಿಸಿತು. ಗುಣಮಟ್ಟ ಏರಿತು, ಬೆಲೆ ಇಳಿಯಿತು, ಲಾಭ ಬಂದಿತು. 2009ರ ಆರಂಭದಲ್ಲಿ ಹಾಂಗ್‌ಕಾಂಗ್‌ನ ಕೇಡರ್ ಸಂಸ್ಥೆ ಸಂದಾ ಕಾನನ್ನು ಕೊಂಡುಕೊಂಡಿತು. ಕೇಡರ್ ಬೇರೆ ಯಾರೂ ಅಲ್ಲ, 1987ರಿಂದ ಬ್ಯಾಕ್‌ಮನ್‌ನ ಒಡೆಯ; ಅಂದರೆ ಹಾರ್ನ್‌ಬಿಯ ನೇರ ಪ್ರತಿಸ್ಪರ್ಧಿ. ನಂತರದ ವರ್ಷಗಳಲ್ಲಿ ಹಾರ್ನ್‌ಬಿಗೆ ಮಾಲು ಸಕಾಲಕ್ಕೆ ಬರದೆ, ಹಬ್ಬದ ಮಾರಾಟ ಕೈತಪ್ಪಿ, ಅಚ್ಚುಗಳನ್ನು ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚುವ ದುಬಾರಿ ಕೆಲಸಕ್ಕೆ ಅದು ಕೈಹಾಕಬೇಕಾಯಿತು. ಅದೇ ಅವಧಿಯಲ್ಲಿ ಏರ್‌ಫಿಕ್ಸ್ ಕಿಟ್ಟುಗಳ ಒಂದು ಭಾಗ ಭಾರತಕ್ಕೆ ಬಂದಿತು. 2010ರ ದಶಕದಲ್ಲಿ ಮಾರಾಟವಾದ ಅನೇಕ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ ಭಾರತದಲ್ಲಿ ತಯಾರಾದುದೆಂಬ ಮುದ್ರೆಯಿದೆ. ಈ ನವಿರಾದ ಕೆಲಸ ನಮ್ಮ ದೇಶದ ಮೋಲ್ಡಿಂಗ್ ಘಟಕಗಳಿಗೆ ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ಆ ಪೆಟ್ಟಿಗೆಯ ಮೇಲೆಯೇ ಇದೆ.

ನಮ್ಮ ಲೆಕ್ಕ

ತಾಂತ್ರಿಕವಾಗಿ ಕರ್ನಾಟಕದಲ್ಲಿ ಕೊರತೆಯಿಲ್ಲ. ಡೆನ್ಮಾರ್ಕ್ ದೇಶದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಷ್ಟೋ ತಲೆಮಾರಿನ ಡೈ ತಜ್ಞರನ್ನು ಸಿದ್ಧಗೊಳಿಸಿದೆ. ಪಾಲಿಸ್ಟೈರೀನ್ ತಣಿಯುವಾಗ ಶೇಕಡಾ ಅರ್ಧದ ಸುಮಾರು ಕುಗ್ಗುತ್ತದೆ, 66 ಮಿ.ಮೀ. ಪಕ್ಕೆಗೆ ಅದು ಮೂರನೆಯ ಒಂದು ಮಿಲಿಮೀಟರ್. ಅಚ್ಚಿನಲ್ಲಿ ಅಷ್ಟನ್ನು ಕೂಡಿಸಿ ಕೊರೆಯುವುದು ಇಲ್ಲಿನವರಿಗೆ ನಿತ್ಯದ ಕೆಲಸ. ಇತ್ತೀಚಿನ ವರ್ಷಗಳಲ್ಲಿ ರಾಳದ ಮೂರು ಆಯಾಮದ ಮುದ್ರಣ ಯಂತ್ರಗಳು ಬಂದ ಮೇಲೆ, ಅಚ್ಚು ಕೊರೆಯುವ ಮುನ್ನವೇ ಐವತ್ತು ನೂರು ಮಾದರಿಗಳನ್ನು ತೆಗೆದು ಮಾರುಕಟ್ಟೆಯ ನಾಡಿ ನೋಡಲು ಅವಕಾಶವಾಗಿದೆ. ಬ್ರಿಟನ್ನಿನಲ್ಲಿ ಅಚ್ಚಿಗೆ ಹಣ ಹಾಕದೆ ಇದೊಂದರಿಂದಲೇ ಸಣ್ಣ ವ್ಯಾಪಾರ ನಡೆಸುವವರು ಹುಟ್ಟಿಕೊಂಡಿದ್ದಾರೆ.

ತೆರಿಗೆಯ ವಿಷಯ ಬಲ್ಲವರು ಗಮನಿಸಬೇಕಾದ ಅಂಶವೊಂದಿದೆ. ಸುಂಕದ ಪಟ್ಟಿಯ 9503ನೆಯ ಶೀರ್ಷಿಕೆಯಲ್ಲಿ ಆಟಿಕೆಗಳ ಜೊತೆಗೇ 'ಕಿರಿದುಗೊಳಿಸಿದ ಪ್ರಮಾಣಬದ್ಧ ಮಾದರಿಗಳು' ಸೇರಿವೆ. ಆದ್ದರಿಂದ 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿದಾಗ ಕಿಟ್ಟುಗಳನ್ನು ತರಿಸಿಕೊಳ್ಳುವವರಿಗೂ ಬಿಸಿ ತಟ್ಟಿತು. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ ಅನ್ವಯಿಸುತ್ತದೆ. ವಯಸ್ಕರಿಗೆಂದು ಮಾರುವ ಕಿಟ್ ಈ ಗೆರೆಯ ಯಾವ ಕಡೆ ಬೀಳುತ್ತದೆಂಬುದನ್ನು ತಯಾರಿಕೆಗೆ ಇಳಿಯುವ ಮುನ್ನವೇ ಸಲಹೆಗಾರರಿಂದ ಖಚಿತಪಡಿಸಿಕೊಳ್ಳುವುದು ಲೇಸು.

ಭಾರತದ ವ್ಯಾಗನ್ನನ್ನೇ ಮಾದರಿಗೆ ಆರಿಸಿಕೊಂಡರೆ? ಬಳ್ಳಾರಿ ಹೊಸಪೇಟೆಗಳ ಅದಿರನ್ನು ಬಂದರುಗಳಿಗೆ ಹೊತ್ತ 'ಬಾಕ್ಸ್-ಎನ್' ವ್ಯಾಗನ್ ನಮ್ಮ ಓದುಗರೆಲ್ಲ ಕಂಡದ್ದೇ. 1980ರ ದಶಕದಲ್ಲಿ ಬಳಕೆಗೆ ಬಂದ ಈ ಎಂಟು ಚಕ್ರದ ತೆರೆದ ವ್ಯಾಗನ್ನಿನ ಚೌಕಟ್ಟಿನ ಉದ್ದ 9,784 ಮಿ.ಮೀ.; ಖಾಲಿ ತೂಕ 22.47 ಟನ್, ಸರಕು ಸೇರಿ 81.28 ಟನ್. ರೈಲ್ವೆಯ ವ್ಯಾಗನ್ನುಗಳಿಗೆ ಎರಕದ ಉಕ್ಕಿನ ಚಕ್ರಗಳನ್ನು ಒದಗಿಸುವುದು 1984ರಿಂದ ಕೆಲಸ ಮಾಡುತ್ತಿರುವ ಯಲಹಂಕದ ರೈಲು ಗಾಲಿ ಕಾರ್ಖಾನೆ. 1:87ರಲ್ಲಿ ಇದು ಹನ್ನೊಂದೂಕಾಲು ಸೆಂಟಿಮೀಟರ್ ಉದ್ದದ ಮಾದರಿಯಾಗುತ್ತದೆ, 1,000 ಮಿ.ಮೀ. ವ್ಯಾಸದ ಚಕ್ರ ಹನ್ನೊಂದೂವರೆ ಮಿ.ಮೀ.ಗೆ ಇಳಿಯುತ್ತದೆ. ಆದರೆ ನಮ್ಮ ಬ್ರಾಡ್ ಗೇಜಿನ 1,676 ಮಿ.ಮೀ., ಆ ಪ್ರಮಾಣದಲ್ಲಿ 19.3 ಮಿ.ಮೀ. ಆಗುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳಿ 16.5 ಮಿ.ಮೀ.ಯದು. ನೂರು ವರ್ಷದ ಹಿಂದೆ ಬ್ರಿಟಿಷ್ ತಯಾರಕರ ಮುಂದಿದ್ದ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ: ಸಿಗುವ ಹಳಿಗೆ ವ್ಯಾಗನ್ನನ್ನು ಹೊಂದಿಸಬೇಕೋ, ವ್ಯಾಗನ್ನಿಗೆ ತಕ್ಕ ಹಳಿಯನ್ನೂ ತಾವೇ ತಯಾರಿಸಬೇಕೋ. ಮೊದಲನೆಯದನ್ನು ಆರಿಸಿಕೊಂಡರೆ ಆಕ್ಸಲ್ ಗಾರ್ಡ್, ಬ್ರೇಕ್ ಶೂಗಳೆಲ್ಲ ಒಳಕ್ಕೆ ಸರಿಯುತ್ತವೆ. ಎರಡನೆಯದಾದರೆ ಚಕ್ರ, ಹಳಿ, ಕವಲುಹಳಿಗಳಿಗೂ ಬಂಡವಾಳ ಹೂಡಬೇಕಾಗುತ್ತದೆ. ಉಕ್ಕಿನ ಮೇಲೆ ಮೊದಲ ಕೊರೆತ ಬೀಳುವ ಮುನ್ನ, ಕಾಗದದ ಮೇಲೆಯೇ ತೀರ್ಮಾನವಾಗಬೇಕಾದ ಅಳತೆ ಇದು.